ಹೆಳವರ ವಹಿ, ಮೋಡಿಯ ಕಾಗದ

ಊರು ಬಿಟ್ಟು ಹೋದವರಿಗೆ ಹೋದ ಊರಿನವರು ಹಳೆಯ ಊರಿನ ಹೆಸರನ್ನೇ ಅಡ್ಡಹೆಸರಾಗಿ ಅಂಟಿಸುವುದು ನಮ್ಮ ಕಡೆಯ ರೂಢಿ. ರಾಯಬಾಗ ಕಡೆಯ ಅಂಥ ‘ಕರೋಶಿ’ ಮನೆತನವೊಂದರಿಂದ ನಮ್ಮ ತಮ್ಮನ ಮಗಳನ್ನು ಕೇಳಿಕೊಂಡು ಬಂದರು. ಅವರ ಮನೆದೇವರು ನಮ್ಮದೇ. ಬೆಡಗು, ಅಂದರೆ ಕುಲದ ಕವಲು, ಅವರಿಗೆ ನೆನಪಿರಲಿಲ್ಲ. “ಅಣ್ಣತಮ್ಮರ ಪೈಕಿ ಆಗಿದ್ದರ ಹೆಂಗ? ಮೊದಲ ಅದನ್ನ ನೋಡ್ರಿ” ಎಂದರು ನಮ್ಮ ಕಾಕಾ. ನಮ್ಮೂರು ಕರೋಶಿಯಿಂದ ಅವರ ಹಿರಿಯರು ಹೋದದ್ದು ಕಂಪನಿ ಸರಕಾರ ಬಂದ ಹೊಸತರಲ್ಲಿ ಎಂಬುದಷ್ಟೇ ಅವರ ಮನೆಯ ಮಾತು.

ಕೈಗೆ ಮೊದಲು ಸಿಗುವುದು ಹೊಲದ ಉತಾರ. ಆದರೆ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯದೆ ಬಂದದ್ದೇ 1903ರಲ್ಲಿ. ಅದಕ್ಕೂ ಹಿಂದೆ ಹೋಗಬೇಕೆಂದರೆ ನಮ್ಮ ಸೀಮೆಯ ಕಾಗದಗಳು ಒಂದು ಕಡೆ ಇಲ್ಲ. 1818ರಲ್ಲಿ ಪೇಶವಾಯಿ ಮುಗಿಯಿತು. ಚಿಕ್ಕೋಡಿ ಸೀಮೆ ಕೊಲ್ಹಾಪುರಕ್ಕೂ ಕಂಪನಿಗೂ ನಡುವೆ ಕೈಬದಲಾಗಿ, 1820ರ ದಶಕದ ಕೊನೆಗೆ ಕಂಪನಿಯ ವಶವಾಯಿತು. ಧಾರವಾಡದಿಂದ ಬೆಳಗಾವಿ ಬೇರೆ ಜಿಲ್ಲೆಯಾದದ್ದು 1836ರಲ್ಲಿ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹೀಗಾಗಿ ಹುಡುಕುವವನು ಪುಣೆಯ ಪೇಶವೆ ದಫ್ತರವನ್ನೂ ಕೊಲ್ಹಾಪುರದ ದಫ್ತರವನ್ನೂ ಮರೆಯುವಂತಿಲ್ಲ.

ರಾಯಬಾಗದವರ ಮನೆಯ ಗಂಟಿನಲ್ಲಿ ಮೋಡಿ ಲಿಪಿಯ ಒಂದು ಕರಾರುಪತ್ರವಿತ್ತು. ಮೋಡಿಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ, ಇಕಾರ ಉಕಾರಗಳಿಗೆ ಹ್ರಸ್ವ ದೀರ್ಘದ ಭೇದವಿಲ್ಲ. ಕನ್ನಡದ ಹೆಸರುಗಳು ಅದರಲ್ಲಿ ಗುರುತು ಸಿಗದಷ್ಟು ಬದಲಾಗುತ್ತವೆ. ಓದಬಲ್ಲ ಹಿರಿಯರೊಬ್ಬರು ಬಿಡಿಸಿ ಹೇಳಿದರು: ಶಕ 1750, ಅಂದರೆ 1828-29. ಇಸವಿಗೆ ತರಲು ಶಕಕ್ಕೆ 78 ಕೂಡಿಸಬೇಕು, ನಮ್ಮ ಕಡೆಯ ಫಸಲಿಗಾದರೆ 590. ಯಾವ ಲೆಕ್ಕವೆಂದು ಮೊದಲೇ ಖಾತ್ರಿ ಮಾಡಿಕೊಳ್ಳದಿದ್ದರೆ ತಲೆಮಾರುಗಳೇ ಏರುಪೇರು. ಪತ್ರ ಬರೆಸಿದವನ ಹೆಸರು ನಮ್ಮ ವಂಶದಲ್ಲೂ ಇದೆ. ಆದರೆ ‘ಬಿನ್’ ಎಂಬುದರ ಮುಂದಿನ ತಂದೆಯ ಹೆಸರು ಹೊಂದಲಿಲ್ಲ.

ಹೆಸರು ಹೊಂದಿದ ಮಾತ್ರಕ್ಕೆ ಸಂಬಂಧ ಸಿದ್ಧವಾಗುವುದಿಲ್ಲ. ಮಲ್ಲಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಮಲ್ಲಪ್ಪ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಾಡಿನಲ್ಲಿ ಒಂದೇ ಹೆಸರಿನವರು ಓಣಿಗೊಬ್ಬರು. ಹಾಗೆಯೇ, ತಂದೆಯ ಹೆಸರು ಹೊಂದದಿದ್ದರೆ ಸಂಬಂಧವೇ ಇಲ್ಲವೆಂದೂ ಅಲ್ಲ, ಏಕೆಂದರೆ ದತ್ತಕ ಹೋದವನಿಗೆ ತಂದೆಯ ಹೆಸರೇ ಬೇರೆಯಾಗುತ್ತದೆ. 1824ರ ಕಿತ್ತೂರಿನ ಯುದ್ಧದ ಹಿಂದೆ ಇದ್ದದ್ದೂ ದತ್ತಕದ ತಕರಾರೇ. 1852ರ ಕಾಯದೆಯ ಬಲದಿಂದ ಇನಾಮು ಕಮಿಶನ್ ಹಳೆಯ ಹಕ್ಕುಗಳ ಚೌಕಶಿ ನಡೆಸಿದಾಗ ಇನಾಮುದಾರರು ವಂಶಾವಳಿಗಳನ್ನು ಒಪ್ಪಿಸಬೇಕಾಯಿತು. ಅಂಥವನ್ನು ನಾನು ಎಚ್ಚರದಿಂದ ಓದುತ್ತೇನೆ. ಹೊಲ ಉಳಿಸಿಕೊಳ್ಳಲು ಬರೆಸಿದ ವಂಶಾವಳಿಯಲ್ಲಿ ಊರು ಬಿಟ್ಟ ತಮ್ಮನಿಗೆ ಜಾಗವಿರಲಿಕ್ಕಿಲ್ಲ.

ಆ ತಮ್ಮನನ್ನು ನೆನಪಿಟ್ಟವರು ಹೆಳವರು. ಸುಗ್ಗಿ ಮುಗಿದ ಮೇಲೆ, ಹಿಂದೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದವರು, ಮನೆಯ ಮುಂದೆ ನಿಂತು ಮೂಲಸ್ಥಾನ, ಬೆಡಗು, ಮನೆದೇವರಿಂದ ಹಿಡಿದು ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ನಮ್ಮ ಹೆಳವರ ವಹಿಯಲ್ಲಿ ಮೂವರು ಅಣ್ಣತಮ್ಮರಲ್ಲಿ ಕಿರಿಯವನ ಮುಂದೆ ‘ಮೂಡಲಕ್ಕ ಹೋದ’ ಎಂದಷ್ಟೇ ಇದೆ. ರಾಯಬಾಗ ನಮಗೆ ಮೂಡಲ ದಿಕ್ಕೇ. ಕಾಕಾ ಹಿಗ್ಗಿ, ಆ ಹೆಸರಿನ ಕೆಳಗೆ ರಾಯಬಾಗದವರನ್ನು ಬರೆದುಬಿಡಿ ಎಂದರು. ಹೆಳವರು ಒಪ್ಪಲಿಲ್ಲ: “ಅವರ ಮನಿ ಹೆಳವರ ವಹಿ ನೋಡಲಾರದ ನಾ ಬರ್ಯಾಂಗಿಲ್ರೀ ಗೌಡ್ರ.”

ದಫ್ತರಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚಿನದನ್ನು ನಾನು ಆ ಮಾತಿನಿಂದ ಕಲಿತೆ. ಈಗ ನಮ್ಮ ವಂಶವೃಕ್ಷದಲ್ಲಿ ಕಾಗದ ನೋಡಿ ಬರೆದ ಗೆರೆ ಬೇರೆ, ಬಾಯಿಮಾತಿನಿಂದ ಬಂದ ಗೆರೆ ಬೇರೆ. ರಾಯಬಾಗದವರಿಗೆ ಬರಿಯ ಚುಕ್ಕಿಗೆರೆ. ಪ್ರತಿ ಹೆಸರಿನ ಪಕ್ಕದಲ್ಲಿ ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೂ ಬರೆಯುತ್ತೇನೆ. ಹೆಣ್ಣುಮಕ್ಕಳನ್ನು ಬೇರೆಯಾಗಿ ಕೇಳಿ ಸೇರಿಸುತ್ತಿದ್ದೇನೆ. ಗಂಡು ಸಂತತಿಯನ್ನಷ್ಟೇ ಹಿಡಿದ ವಹಿಗಳಲ್ಲಿ ಅವರಿಲ್ಲ, ಆದರೆ ಯಾವ ಊರಿನಿಂದ ಯಾವ ಊರಿಗೆ ಬಳಕೆಯಿತ್ತು ಎಂಬುದು ಅವರ ತವರಿನಿಂದಲೇ ತಿಳಿಯುವುದು.

ಸಂಶಯವಿರುವಾಗ ಅಣ್ಣತಮ್ಮರೆಂದೇ ತಿಳಿಯಬೇಕು ಎಂದು ಹಿರಿಯರು ಲಗ್ನದ ಮಾತು ಕೈಬಿಟ್ಟರು. ಅದು ಸರಿಯೆಂದೇ ನನಗೂ ಅನಿಸಿತು. ಈಗ ಜಾತ್ರೆಗೆ ಅವರು ಬರುತ್ತಾರೆ, ನಾವೂ ಹೋಗುತ್ತೇವೆ. ಅವರ ಮನೆಯ ಹೆಳವರು ಬೇರೆ, ಈ ಸುಗ್ಗಿಯಾದ ಮೇಲೆ ಬರುವವರಿದ್ದಾರೆ. ಅವರ ವಹಿಯಲ್ಲಿ ಪಡುವಲದಿಂದ ಬಂದವನೊಬ್ಬನಿದ್ದರೆ ಅವನ ಹೆತ್ತ ತಂದೆಯ ಹೆಸರೇನು ಎಂಬುದನ್ನು ನೋಡಬೇಕಾಗಿದೆ.