ಸೇಲಂನ ಏಳು ಗಂಟೆ, ನಮ್ಮ ಎಂಟೂವರೆ

ಧರ್ಮಪುರಿ, ಪೆನ್ನಾಗರಂ, ಸೇಲಂ ಕಡೆಯಿಂದ ಈ ವರ್ಷ ನ್ಯೂಜೆರ್ಸಿಗೆ ಬಂದಿಳಿದವರಿಗೆ ಚಳಿಗಾಲದ ಕೋಟು, ಮಕ್ಕಳ ಶಾಲೆ, ಅಕ್ಕಿ ಸಿಗುವ ಅಂಗಡಿ ಎಲ್ಲವನ್ನೂ ಹೇಳಿಕೊಡುವವರು ಸಿಕ್ಕಿರುತ್ತಾರೆ. ಗಡಿಯಾರದ ಸಂಗತಿ ಯಾರೂ ಹೇಳಿರುವುದಿಲ್ಲ. ನನಗೂ ಹೇಳಿರಲಿಲ್ಲ.

ನಮ್ಮ ಕಡೆ ಗಡಿ ಸರಿದದ್ದುಂಟು. 1965ರಲ್ಲಿ ಸೇಲಂನಿಂದ ಧರ್ಮಪುರಿ ಬೇರೆ ಜಿಲ್ಲೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಗಡಿಯಾರ ಮಾತ್ರ, ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಗಂಟೆ ಮುಂದೆ ತಳ್ಳಿದ್ದನ್ನು ಬಿಟ್ಟರೆ, ಇದ್ದಲ್ಲೇ ಇದೆ. ಇಲ್ಲಿ ಹಾಗಲ್ಲ. ಮಾರ್ಚ್ ತಿಂಗಳ ಎರಡನೇ ಭಾನುವಾರ ನಸುಕಿನಲ್ಲಿ 2 ಹೊಡೆಯುವಾಗ ಅದನ್ನು 3 ಎನ್ನಬೇಕು. ನವೆಂಬರಿನ ಮೊದಲ ಭಾನುವಾರ ಅದೇ 2ನ್ನು ಮತ್ತೆ 1 ಎನ್ನಬೇಕು. ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದಾಗ ಅವಳು ಕೇಳಿದ್ದು ಒಂದೇ: "ಕಿತ್ಕೊಂಡ ಗಂಟೇನ ವಾಪಸ್ ಕೊಡ್ತಾರ?" ಕೊಡುತ್ತಾರೆ, ಸುಮಾರು ಎಂಟು ತಿಂಗಳಾದ ಮೇಲೆ, ಬಡ್ಡಿಯಿಲ್ಲದೆ.

ನಾನು ಎಡವಿದ್ದು ಆಫೀಸಿನಲ್ಲಿ. ನಮ್ಮ ತಂಡದ ಅರ್ಧ ಜನ ಸೇಲಂನಲ್ಲಿದ್ದರು. ಗಡಿಯಾರ ಬದಲಾದ ಮರುದಿನದ ಮೀಟಿಂಗಿಗೆ "ಬೆಳಿಗ್ಗೆ 8:30 ಇಎಸ್‌ಟಿ" ಎಂದು ಮೇಲ್ ಹಾಕಿದ್ದೆ. ಇಲ್ಲಿಯವರ ಬಾಯಲ್ಲಿ ವರ್ಷವಿಡೀ ಇಎಸ್‌ಟಿಯೇ. ಅಸಲಿಗೆ ಅದು ಚಳಿಗಾಲದ ಲೆಕ್ಕ, ಬೇಸಿಗೆಯದ್ದು ಇಡಿಟಿ. ಸೇಲಂನವರು ಬರೆದದ್ದನ್ನು ಬರೆದಂತೆ ಲೆಕ್ಕ ಹಾಕಿ ಸಂಜೆ 7ಕ್ಕೆ ಬಂದರು. ನನ್ನ ಗೋಡೆಯ 8:30 ಅಂದು ಅವರಿಗೆ 6 ಗಂಟೆ. ಅಷ್ಟು ಹೊತ್ತು ನಾನೂ ಮ್ಯಾನೇಜರೂ ಮುಖ ಮುಖ ನೋಡಿಕೊಂಡು ಕೂತಿದ್ದೆವು. ತಪ್ಪು ಅವರದಲ್ಲ.

ಆ ಮೂರಕ್ಷರದ ಗೊಡವೆಗೇ ಹೋಗಬೇಡಿ. "ನ್ಯೂಯಾರ್ಕ್ ಸಮಯ 8:30" ಎಂದು ಊರಿನ ಹೆಸರು ಬರೆಯಿರಿ. ಕ್ಯಾಲೆಂಡರಿನ ಮೀಟಿಂಗು ಸಾಮಾನ್ಯವಾಗಿ ಕರೆದವರ ಊರಿನ ಗಡಿಯಾರಕ್ಕೆ ಗಂಟು ಬಿದ್ದಿರುತ್ತದೆ. ಸೇಲಂನವರು ಸಂಜೆ 7ಕ್ಕೆ ಕರೆದರೆ ನಿಮಗೆ ಚಳಿಗಾಲದಲ್ಲಿ 8:30, ಬೇಸಿಗೆಯಲ್ಲಿ 9:30. ನೀವೇ 8:30ಕ್ಕೆ ಕರೆದರೆ ಬೇಸಿಗೆಯಲ್ಲಿ ಅವರು 6ಕ್ಕೆ ಕೂರಬೇಕು. ಯಾರು ಸರಿಯಬೇಕೆಂದು ಹಿಂದಿನ ವಾರವೇ ಮಾತಾಡಿಕೊಳ್ಳಿ. ಲಂಡನ್ನಿನವರೂ ಜೊತೆಗಿದ್ದರೆ ತಲೆನೋವು ಇನ್ನೊಂದಿಷ್ಟು: ಅವರದ್ದು ಬದಲಾಗುವುದು ಮಾರ್ಚ್ ಕೊನೆಯ ಭಾನುವಾರ.

ಊರಿಂದ ತಂದ ಲ್ಯಾಪ್‌ಟಾಪನ್ನೂ ಒಮ್ಮೆ ನೋಡಿ. ವಿಂಡೋಸಿನ ಸಮಯ ವಲಯದಲ್ಲಿ ಇನ್ನೂ "ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ" ಎಂಬ ಸಾಲೇ ಇದ್ದು, ನೀವು ಗಡಿಯಾರವನ್ನಷ್ಟೇ ಕೈಯಿಂದ ತಿರುಗಿಸಿದ್ದರೆ ಕ್ಯಾಲೆಂಡರ್ ಪೂರಾ ಅಡ್ಡಾದಿಡ್ಡಿ. ವಲಯ ಬದಲಿಸಿ, ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ.

ಸರ್ವರ್ ನೋಡಿಕೊಳ್ಳುವ ಕೆಲಸ ನಿಮ್ಮದಾದರೆ ರಾತ್ರಿ ತಾನಾಗಿ ಓಡುವ ಕೆಲಸಗಳ ಪಟ್ಟಿ ತೆಗೆಯಿರಿ. ಮಾರ್ಚ್‌ನ ಆ ರಾತ್ರಿ 2:30 ಎಂಬುದೇ ಇಲ್ಲ, ಆಗ ಓಡಬೇಕಿದ್ದ ಬ್ಯಾಕಪ್ ತಪ್ಪಿಹೋಗಬಹುದು. ನವೆಂಬರಿನಲ್ಲಿ 1:30 ಎರಡು ಸಲ ಬರುತ್ತದೆ, ಒಂದೇ ಬಿಲ್ಲು ಎರಡು ಸಲ ಹೋದೀತು. ಸರ್ವರನ್ನು ಯುಟಿಸಿಯಲ್ಲೇ ಇಟ್ಟುಬಿಟ್ಟರೆ ಈ ರಗಳೆ ಬಹುಪಾಲು ಇಲ್ಲ. ಈಗಿನ ತಾರೀಖುಗಳು ಜಾರಿಗೆ ಬಂದದ್ದು 2007ರಲ್ಲಿ. ಅದಕ್ಕೂ ಹಳೆಯ ಹಾಜರಿ ಯಂತ್ರ ಮೂಲೆಯಲ್ಲೆಲ್ಲೋ ಉಳಿದಿದ್ದರೆ ಅದು ಏಪ್ರಿಲ್ ಮೊದಲ ಭಾನುವಾರದವರೆಗೂ ಕದಲದೆ ಇದ್ದೀತು.

ಇನ್ನು ಮನೆಯ ಮಾತು. ಚಳಿಗಾಲದಲ್ಲಿ ಭಾನುವಾರ ಬೆಳಿಗ್ಗೆ 9:30ಕ್ಕೆ ಫೋನ್ ಮಾಡಿದರೆ ಧರ್ಮಪುರಿಯಲ್ಲಿ ರಾತ್ರಿ 8. ಅಮ್ಮ ಊಟ ಮುಗಿಸಿ ಫೋನ್ ಪಕ್ಕದಲ್ಲೇ ಕೂತಿರುತ್ತಾಳೆ. ಮಾರ್ಚ್ ಆದ ಮೇಲೆ ನಾನು ಮಾಡುವುದು 10:30ಕ್ಕೆ. ಅವಳ 8 ಗಂಟೆಯನ್ನು ಕದಲಿಸುವುದಿಲ್ಲ.