ಚಿತ್ರದೊಳಗಿನ ಧ್ವನಿಯನ್ನು ಬೇರ್ಪಡಿಸುವ ಬಗೆ



ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ತಾಲೂಕುಗಳಲ್ಲಿ ಕನ್ನಡವು ಕಚೇರಿಯ ಭಾಷೆಯಲ್ಲ. ಅಡಿಗೆಮನೆಯ, ಹೊಲದ, ತೊಟ್ಟಿಲಿನ ಭಾಷೆ. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯೊಳಗಿದ್ದವು. ಆ ವರ್ಷದ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಗಡಿ ಸರಿಯಿತು, ಆದರೆ ಮನೆಯೊಳಗಿನ ಹಾಡು ಸರಿಯಲಿಲ್ಲ. ಬೀಸುಕಲ್ಲಿನ ಪದ, ಸೋಬಾನೆ ಪದ, ಹಂತಿ ಪದಗಳನ್ನು ಬಲ್ಲ ಹಿರಿಯರು ಇಂದಿಗೂ ಅಲ್ಲಲ್ಲಿ ಇರುವರು. ಅವರ ಹಾಡು ಬಹುಮಟ್ಟಿಗೆ ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಹಾಡುವವರು ಹೋದರೆ ಹಾಡೂ ಹೋಯಿತು. 1993ರ ಸಪ್ಟಂಬರ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸೀಮೆಯಲ್ಲಾದ ಭೂಕಂಪದಲ್ಲಿ ಸಾವಿರಾರು ಜನ ಮಡಿದರು. ಅವರೊಡನೆ ಎಷ್ಟು ಹಾಡುಗಳು ಮಣ್ಣುಗೂಡಿದವೆಂಬುದನ್ನು ಎಣಿಸುವವರು ಯಾರು?

ಇಂದು ನಿಮ್ಮೆಲ್ಲರ ಮನೆಯಲ್ಲಿ ಮೊಬೈಲ್ ಇದೆ. ಅಜ್ಜಿ ಹಾಡುವಾಗ ನೀವು ವೀಡಿಯೋ ತೆಗೆಯುತ್ತೀರಿ. ಅದು ಒಳ್ಳೆಯದೇ. ಆದರೆ ಆ ವೀಡಿಯೋದಿಂದ ಹಾಡನ್ನು ಕೆಡಿಸದೆ ಹೊರತೆಗೆದು, ತಿದ್ದಿ, ಕಾದಿಡುವದು ಹೇಗೆಂಬುದನ್ನು ಬಲ್ಲವರು ಕಡಿಮೆ. ಅದನ್ನು ತಿಳಿಸುವದೇ ಈ ಪಾಠದ ಉದ್ದೇಶ.

ಮೊದಲು ಒಂದು ಪ್ರಸಂಗವನ್ನು ಹೇಳುವೆನು. ಒಬ್ಬ ವಿದ್ಯಾರ್ಥಿನಿಯು ತೀರಿಹೋದ ತನ್ನ ಅಜ್ಜಿಯ ಬೀಸುವ ಪದವನ್ನು ನನ್ನ ಬಳಿಗೆ ತಂದಳು. ಅದು ಕೈಯಿಂದ ಕೈಗೆ ಹತ್ತು ಮೊಬೈಲುಗಳನ್ನು ದಾಟಿ ಬಂದ ಪ್ರತಿ. ಒಂದು ನುಡಿಯಲ್ಲಿ ಅಜ್ಜಿ ‘ರಾಶಿ’ ಎಂದಳೋ ‘ರಾತ್ರಿ’ ಎಂದಳೋ ತಿಳಿಯದು. ಮನೆಯವರಲ್ಲಿಯೇ ಎರಡು ಪಕ್ಷಗಳಾಗಿದ್ದವು. ಕೊನೆಗೆ ಆಕೆಯ ಸೋದರಮಾವನ ಹಳೆಯ ಮೊಬೈಲಿನಲ್ಲಿ ಮೂಲ ವೀಡಿಯೋ ಸಿಕ್ಕಿತು. ಅದರ ಧ್ವನಿಯನ್ನು ಬೇರ್ಪಡಿಸಿ ಕೇಳಿದಾಗ ‘ಶಿ’ಕಾರವು ಸ್ಪಷ್ಟವಾಗಿ ಕೇಳಿಸಿತು. ಅಜ್ಜಿ ಹಾಡಿದ್ದು ಕಣದ ರಾಶಿಯನ್ನು, ಕತ್ತಲೆಯ ರಾತ್ರಿಯನ್ನಲ್ಲ. ಒಂದು ಅಕ್ಷರದಿಂದ ಇಡೀ ನುಡಿಯ ಅರ್ಥವೇ ತಿರುಗಿತು.

ಹೀಗೇಕಾಯಿತು? ವೀಡಿಯೋ ಕಡತವೆಂದರೆ ಒಂದು ಪೆಟ್ಟಿಗೆಯಿದ್ದಂತೆ. ಅದರೊಳಗೆ ಚಿತ್ರದ ಒಂದು ಗಂಟು, ಧ್ವನಿಯ ಒಂದು ಗಂಟು ಬೇರೆಬೇರೆಯಾಗಿ ಇರುವವು. ‘ಎಂಪಿ4’ ಎಂಬುದು ಪೆಟ್ಟಿಗೆಯ ಹೆಸರು. ಅದರೊಳಗಿನ ಧ್ವನಿಯು ಸಾಮಾನ್ಯವಾಗಿ ‘ಎಎಸಿ’ ಎಂಬ ಪದ್ಧತಿಯಿಂದ ಸಂಕುಚಿತವಾಗಿರುವದು. ಸಂಕುಚಿತವೆಂದರೆ ಮಡಿಸಿಟ್ಟ ಸೀರೆಯೆಂದು ತಿಳಿಯಬೇಡಿರಿ. ಮಡಿಸಿದ ಸೀರೆಯನ್ನು ಬಿಚ್ಚಿದರೆ ಪೂರ್ತಿ ಸೀರೆ ದೊರೆಯುವದು. ಇಲ್ಲಿ ಹಾಗಿಲ್ಲ. ದೊಡ್ಡ ಸಪ್ಪಳದ ಬದಿಯಲ್ಲಿರುವ ಸಣ್ಣ ಸಪ್ಪಳವು ಕಿವಿಗೆ ಬೀಳುವದಿಲ್ಲವೆಂದು ಲೆಕ್ಕಹಾಕಿ, ಆ ಸಣ್ಣದನ್ನು ಯಂತ್ರವು ಬಿಟ್ಟೇ ಬಿಡುವದು. ಜಾಗ ಇನ್ನೂ ಕಡಿಮೆಯಾದರೆ ಏರುದನಿಯ ಸೂಕ್ಷ್ಮಾಂಶಗಳನ್ನೂ ಕತ್ತರಿಸುವದು. ಶ, ಸ ಮುಂತಾದ ಅಕ್ಷರಗಳ ಗುರುತು ಇರುವದು ಈ ಅಂಶಗಳಲ್ಲಿಯೇ. ಸಂದೇಶದ ಮೂಲಕ ವೀಡಿಯೋವನ್ನು ಕಳಿಸಿದಾಗ ಅದು ಮತ್ತೆ ಸಂಕುಚಿತವಾಗುವದುಂಟು. ಹೀಗೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ನಷ್ಟವಾಗುತ್ತ ಹೋಗುವದು.

ಅಸಂಕುಚಿತ ಧ್ವನಿಯೆಂದರೇನು? ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ 48,000 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದರಂತೆ, ಏನನ್ನೂ ಬಿಡದೆ ಬರೆದಿಡುವದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ವರೆಗಿನ ನಾದ ಕೇಳಿಸುವದು. ಒಂದು ನಾದವನ್ನು ಹಿಡಿಯಲು ಅದರ ಕಂಪನಗಳ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು; ಆದುದರಿಂದ 48,000 ಅಳತೆಗಳು ಸಾಕು. ಹೀಗೆ ಬರೆದಿಡುವ ಕಡತಕ್ಕೆ ‘ವೇವ್’ ಎಂದು ಹೆಸರು. ಅದು 1991ರಲ್ಲಿ ಬಳಕೆಗೆ ಬಂದಿತು.

ಈಗ ಒಂದು ಲೆಕ್ಕ ಮಾಡೋಣ. ಎಡ ಬಲ ಎರಡು ದಾರಿಗಳಿದ್ದರೆ, 48,000 × 16 × 2 = ಸೆಕೆಂಡಿಗೆ 15,36,000 ಬಿಟ್‌ಗಳು. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದುದರಿಂದ ಸೆಕೆಂಡಿಗೆ 1,92,000 ಬೈಟ್‌ಗಳು. ಒಂದು ನಿಮಿಷಕ್ಕೆ ಸುಮಾರು 11.5 ಮೆಗಾಬೈಟ್, ಒಂದು ಗಂಟೆಗೆ ಸುಮಾರು 691 ಮೆಗಾಬೈಟ್. ಅದೇ ಧ್ವನಿಯನ್ನು ಸೆಕೆಂಡಿಗೆ 1,28,000 ಬಿಟ್‌ಗಳಂತೆ ಸಂಕುಚಿಸಿದರೆ ನಿಮಿಷಕ್ಕೆ ಒಂದು ಮೆಗಾಬೈಟ್ ಸಹ ಆಗದು. ಹನ್ನೆರಡು ಪಟ್ಟು ಜಾಗವನ್ನು ಉಳಿಸುವ ಆಸೆಯಿಂದಲೇ ಜನರು ಸಂಕುಚಿತ ಧ್ವನಿಯನ್ನು ಮೆಚ್ಚಿದರು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ಸಂಕುಚಿತ ಧ್ವನಿಯನ್ನು ‘ವೇವ್’ ಕಡತವಾಗಿ ಮಾಡಿದೊಡನೆ ಹೋದ ಅಂಶಗಳು ಮರಳಿ ಬರುವವೆಂದು ಹಲವರು ನಂಬಿರುವರು. ಅದು ನಿಜವಲ್ಲ. ಉದ್ದವಾದ ಪತ್ರವನ್ನು ಒಬ್ಬನು ಹತ್ತು ಸಾಲಿಗೆ ಇಳಿಸಿದನೆನ್ನಿರಿ. ಆ ಹತ್ತು ಸಾಲುಗಳನ್ನು ಎಷ್ಟು ದೊಡ್ಡ ಹಾಳೆಯ ಮೇಲೆ ಬರೆದರೂ ಬಿಟ್ಟುಹೋದ ಮಾತು ತಿರುಗಿ ಬರುವದೇ? ಹಾಗಿದ್ದರೆ ‘ವೇವ್’ ಏಕೆ ಬೇಕು? ಮುಂದಿನ ನಷ್ಟವನ್ನು ತಡೆಯಲು. ನೀವು ಒಂದು ಹಾಡನ್ನು ಐದು ಸಲ ಕತ್ತರಿಸಿ, ತಿದ್ದಿ, ಐದು ಸಲ ಸಂಕುಚಿತವಾಗಿ ಉಳಿಸಿದರೆ ಐದು ಸಲ ಕೆಡಿಸಿದಂತೆ. ‘ವೇವ್’ ರೂಪದಲ್ಲಿ ಉಳಿಸಿದರೆ ಉಳಿಸುವ ಕ್ರಿಯೆಯಿಂದ ಕೆಡುವದಿಲ್ಲ.

ಇನ್ನು ಕೆಲಸದ ಕ್ರಮ. ಮೊದಲನೆಯದಾಗಿ, ಮೂಲ ವೀಡಿಯೋವನ್ನು ತೆಗೆದ ಮೊಬೈಲಿನಿಂದಲೇ ತಂತಿಯ ಮೂಲಕ ಗಣಕಯಂತ್ರಕ್ಕೆ ಇಳಿಸಿಕೊಳ್ಳಿರಿ. ಅದರ ಒಂದು ಪ್ರತಿಯನ್ನು ಬೇರೆ ಕಡೆಗೆ ಇಟ್ಟು, ಮೂಲವನ್ನು ಮುಟ್ಟಬೇಡಿರಿ. ಎರಡನೆಯದಾಗಿ, ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶವನ್ನು ತೆರೆಯಿರಿ. ವೀಡಿಯೋವನ್ನು ಓದಲು ಅದಕ್ಕೆ ‘ಎಫ್‌ಎಫ್‌ಎಂಪೆಗ್’ ಎಂಬ ಇನ್ನೊಂದು ಉಚಿತ ತಂತ್ರಾಂಶದ ನೆರವು ಬೇಕಾಗುವದುಂಟು; ಅದನ್ನೂ ಹಾಕಿಸಿಕೊಳ್ಳಿರಿ. ವೀಡಿಯೋ ಕಡತವನ್ನು ‘ಇಂಪೋರ್ಟ್’ ಮಾಡಿದೊಡನೆ ಚಿತ್ರವನ್ನು ಬಿಟ್ಟು ಧ್ವನಿಯ ಅಲೆ ಮಾತ್ರ ತೆರೆಯ ಮೇಲೆ ಮೂಡುವದು. ಮೂರನೆಯದಾಗಿ, ಮೂಲ ಧ್ವನಿಯಲ್ಲಿ 48,000 ಅಳತೆಗಳಿದ್ದರೆ 48,000ವನ್ನೇ, 44,100 ಇದ್ದರೆ 44,100ನ್ನೇ ಆರಿಸಿಕೊಳ್ಳಿರಿ, ವಿನಾಕಾರಣ ಬದಲಿಸಬೇಡಿರಿ. ನಾಲ್ಕನೆಯದಾಗಿ, ಏನನ್ನೂ ತಿದ್ದುವ ಮೊದಲೇ ‘ಎಕ್ಸ್‌ಪೋರ್ಟ್’ ಎಂಬಲ್ಲಿ ‘ವೇವ್, 16 ಬಿಟ್ ಪಿಸಿಎಂ’ ಎಂಬುದನ್ನು ಆರಿಸಿ ಉಳಿಸಿರಿ. ಇದೇ ನಿಮ್ಮ ಅಸಂಕುಚಿತ ಪ್ರತಿ.

ತಿದ್ದುವದು ಇದರ ನಂತರದ ಮಾತು. ಫ್ಯಾನಿನ ಸಪ್ಪಳವನ್ನು ತಗ್ಗಿಸಬೇಕಾದರೆ, ಹಾಡಿಲ್ಲದೆ ಬರೀ ಸಪ್ಪಳವಿರುವ ಒಂದೆರಡು ಸೆಕೆಂಡುಗಳ ಭಾಗವನ್ನು ಯಂತ್ರಕ್ಕೆ ತೋರಿಸಬೇಕು. ಅದನ್ನು ಮಾದರಿಯಾಗಿಟ್ಟುಕೊಂಡು ಅದು ಉಳಿದೆಡೆಯ ಸಪ್ಪಳವನ್ನು ತಗ್ಗಿಸುವದು. ಆದುದರಿಂದ ಹಾಡು ತೊಡಗುವ ಮೊದಲು ಹತ್ತು ಸೆಕೆಂಡು ಸುಮ್ಮನಿದ್ದು ಧ್ವನಿಮುದ್ರಣ ಮಾಡುವ ರೂಢಿಯನ್ನು ಬೆಳೆಸಿಕೊಳ್ಳಿರಿ. ಸಪ್ಪಳವನ್ನು ಅತಿಯಾಗಿ ತೆಗೆದರೆ ಹಾಡುವವರ ಉಸಿರೂ ಹೋಗುವದು, ಮಿತವಿರಲಿ. ಬೀಸುಕಲ್ಲಿನ ಘರಘರ ಸಪ್ಪಳವನ್ನಂತೂ ತೆಗೆಯಲೇಬೇಡಿರಿ; ಅದು ಹಾಡಿನ ತಾಳ. ಬಂಧುಗಳಿಗೆ ಕಳಿಸಲು ಚಿಕ್ಕ ಕಡತ ಬೇಕಾದರೆ, ಎಲ್ಲ ಕೆಲಸ ಮುಗಿದ ಮೇಲೆ ಕಟ್ಟಕಡೆಗೆ ಒಮ್ಮೆ ಮಾತ್ರ ಸಂಕುಚಿಸಿರಿ.

ಇಂಥ ಶ್ರಮ ವ್ಯರ್ಥವಲ್ಲವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಸಾಕ್ಷಿಯುಂಟು. ಹೇಮಾ ರಾಯರಕರ ಮತ್ತು ಗೀ ಪೊಯತೆವಾಂ ಎಂಬವರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ತಿರುಗಿ ಒಂದು ಲಕ್ಷಕ್ಕೂ ಮೀರಿದ ಮರಾಠಿ ಬೀಸುವ ಪದಗಳನ್ನು ಕೂಡಿಸಿದರು. ಅವುಗಳಲ್ಲಿ ಅನೇಕವನ್ನು ಇಂದು ಯಾರಾದರೂ ಕೇಳಬಹುದು. ಗಡಿನಾಡಿನ ಕನ್ನಡ ಪದಗಳಿಗೆ ಅಂಥ ಕೆಲಸವನ್ನು ಮಾಡುವವರು ನೀವಲ್ಲದೆ ಇನ್ನಾರು?

ಪಾಲಕರಲ್ಲಿ ಒಂದು ವಿನಂತಿ. ಮಕ್ಕಳ ಕೈಯಲ್ಲಿ ಮೊಬೈಲ್ ಕಂಡೊಡನೆ ಗದರಿಸಬೇಡಿರಿ; ಒಂದು ಸಂಜೆ ಅವರನ್ನು ಅಜ್ಜಿಯ ಬದಿಯಲ್ಲಿ ಕೂಡ್ರಿಸಿರಿ. ಮಕ್ಕಳೇ, ಹಿರಿಯರ ಒಪ್ಪಿಗೆಯನ್ನು ಪಡೆದೇ ಮುದ್ರಿಸಿರಿ; ಕಡತಕ್ಕೆ ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಬರೆಯಿರಿ. ಬರುವ ಬೇಸಗೆಯ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ಹಾಡನ್ನು ಕಾದಿಟ್ಟರೂ ನಮ್ಮ ಶಾಲೆಯ ಕಪಾಟು ತುಂಬುವದು. ಯಂತ್ರವು ಮುಂದಿನ ವರ್ಷವೂ ದೊರೆಯುವದು. ಅಜ್ಜಿಯ ಕಂಠ ದೊರೆಯುವದೆಂದು ಹೇಳಲಾಗದು.