ಬೇಜಾರಿಗೂ ಪುಟಸಂಖ್ಯೆ ಬೇಕು

ಶಿವಮೊಗ್ಗದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಕಾದಂಬರಿಗಳ ಹೆಸರು ಬರೆದ ಚೀಟಿಗಳನ್ನು ಟಿಫಿನ್ ಡಬ್ಬಿಯೊಂದಕ್ಕೆ ಹಾಕಿ ಕ್ಲಾಸಿಗೆ ಹಿಡಿದು ಬಂದರು. ಎತ್ತಿದವರು ಎತ್ತಿದ್ದನ್ನು ಓದಿ, ತಿಂಗಳೊಳಗೆ ಎಂಟು ಪುಟದ ಪ್ರಬಂಧ ಒಪ್ಪಿಸಬೇಕು. ಪಕ್ಕದವನಿಗೆ ತೇಜಸ್ವಿಯವರ ‘ಕರ್ವಾಲೊ’ ಬಂತು. ನನ್ನ ಚೀಟಿಯಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ಬದಲಾಯಿಸಿಕೊಳ್ಳೋಣ ಎಂದು ಮಸಾಲೆ ದೋಸೆಯ ಆಸೆ ತೋರಿಸಿದೆ. ಅವನು ಜಗ್ಗಲಿಲ್ಲ.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ಎಂದು ಪಾಠದಲ್ಲಿ ಕೇಳಿದ್ದೆ. ಮೊದಲನೆಯದು ಅಂದಮೇಲೆ ಏನೋ ಇರಲೇಬೇಕು ಎಂದುಕೊಂಡು ಉಮೇದಿನಿಂದಲೇ ಶುರು ಮಾಡಿದೆ. ನಾಲ್ಕನೇ ದಿನಕ್ಕೆ ಉಮೇದು ಮುಗಿಯಿತು. ಪೂರ್ತಿ ಹೆಸರೇ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’. ಕೊನೆಗೆ ಗೆಲ್ಲುವವರು ಯಾರು ಎಂದು ಮುಖಪುಟದಲ್ಲೇ ಬರೆದುಬಿಟ್ಟ ಮೇಲೆ ಓದುವವನಿಗೆ ಉಳಿಯುವುದೇನು? ಎಳೆಯ ವಯಸ್ಸಿನ ವಿಧವೆ ಇಂದಿರಾ, ಅವಳನ್ನು ಡೋಂಗಿ ಸಂತರ ಕೈಗೊಪ್ಪಿಸಲು ಹೊರಡುವ ಹೆತ್ತವರು, ಆಸರೆ ಕೊಡುವ ಅಮೃತರಾಯ, ಇಂಗ್ಲೆಂಡಿಗೆ ಹೋಗಿ ಓದಿ ಬರುವ ಭಾಸ್ಕರ. ಒಳ್ಳೆಯವರು ಉದ್ದಕ್ಕೂ ಒಳ್ಳೆಯವರೇ. ನಡುನಡುವೆ ಕತೆ ನಿಂತು ಉಪದೇಶ ಶುರುವಾಗುತ್ತಿತ್ತು, ಸೈಡಿಗೆ ಹಾಕಿದ ಬಸ್ಸಿನಂತೆ.

ದಿನಕ್ಕೆ ಇಷ್ಟು ಪುಟ ಎಂದು ಲೆಕ್ಕ ಹಾಕಿಕೊಂಡೆ. ಅದು ಔಷಧಿ ಕುಡಿದ ಹಾಗಾಯಿತು. ಆಮೇಲೆ ಉಪದೇಶ ಬಂದಲ್ಲೆಲ್ಲ ಹಾರಿಸಿದೆ. ಕೊನೆಗೆ ಸಾಹಿತ್ಯ ಚರಿತ್ರೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ‘ಮೈಲಿಗಲ್ಲು’, ‘ಹೆಗ್ಗುರುತು’, ‘ಕಾಲದ ಕನ್ನಡಿ’ ಎಲ್ಲವನ್ನೂ ಧಾರಾಳವಾಗಿ ಸೇರಿಸಿ ಎಂಟು ಪುಟ ತುಂಬಿಸಿದೆ. ವಾರದ ನಂತರ ಹಾಳೆ ವಾಪಸು ಬಂತು. ಕೆಂಪು ಶಾಯಿಯಲ್ಲಿ ಎರಡೇ ಸಾಲು: “ಓದಿದವರು ಯಾರು? ಬೇಜಾರಾಗಿದ್ದರೆ ಎಷ್ಟನೇ ಪುಟದಲ್ಲಿ ಆಯಿತು, ಅದನ್ನೇ ಬರೆ.”

ಅವಮಾನವಾಯಿತು. ಸಿಟ್ಟಿನಲ್ಲೇ ಪೆನ್ಸಿಲ್ ಹಿಡಿದು ಮೊದಲಿಂದ ಓದಿದೆ. ಆಕಳಿಕೆ ಬಂದಲ್ಲೆಲ್ಲ ಅಂಚಿನಲ್ಲಿ ‘ಬೇ’ ಎಂದು ಸಣ್ಣಗೆ ಗುರುತು. ಗ್ರಂಥಾಲಯದ ಪುಸ್ತಕ, ಆಮೇಲೆ ಎಲ್ಲವನ್ನೂ ಅಳಿಸಿದೆ ಅನ್ನಿ. ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಕಂಡಿತು. ಸಜ್ಜನರು ಬಾಯಿ ತೆರೆದಲ್ಲಿ ‘ಬೇ’ಗಳ ಸಾಲು. ಲಂಚಕೋರರು, ಕಪಟ ಭಕ್ತರು ಮಾತಾಡುವಲ್ಲಿ ಒಂದೂ ಇಲ್ಲ! ಅಲ್ಲಿ ಕರಾವಳಿಯ ಮಾತು ಜೀವಂತವಾಗಿ ಕೇಳುತ್ತಿತ್ತು. ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು ಎಂಬುದು ಆಗ ನೆನಪಾಯಿತು. ಕಳ್ಳರ ಮಾತನ್ನು ಕಿವಿಯಾರೆ ಕೇಳಿದ್ದ ಮನುಷ್ಯ. ಸಜ್ಜನರ ಮಾತು ಮಾತ್ರ ಅವರ ಆಸೆಯಿಂದ ಹುಟ್ಟಿದ್ದಿರಬೇಕು ಅನ್ನಿಸಿತು. ಕಾದಂಬರಿಯ ಬಗ್ಗೆ ನನಗೆ ನಾನೇ ಕಂಡುಕೊಂಡ ಮೊದಲ ಸಂಗತಿ ಇದು, ಅದೂ ಆಕಳಿಕೆಯ ದಯದಿಂದ.

ದಸರಾ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಪುಸ್ತಕವನ್ನೂ ಹೊತ್ತೊಯ್ದೆ. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಕೇಳಿದರು: “ಎಂತ ಓದ್ತಿದೀಯ ಮಾರಾಯ, ಹಿಂಗೆ ಆಕಳಿಸ್ಕೊಂಡು?” ಕತೆ ಹೇಳಿದೆ. ಗಂಡ ಸತ್ತ ಹುಡುಗಿಗೆ ಮತ್ತೆ ಮದುವೆಯಾಗುತ್ತದೆ ಎಂದಾಗ ಮೆಟ್ಟುಗತ್ತಿಯ ಮೇಲಿನ ಕೈ ನಿಂತಿತು.

“ಜಾತಿಯವರು ಸುಮ್ನೆ ಬಿಟ್ರಾ?”

“ಅದಕ್ಕೇ ಅಜ್ಜಿ, ಅಲ್ಲಿ ದೊಡ್ಡ ಭಾಷಣ ಇದೆ. ಬೋರು.”

“ಎಂತ ಹೇಳಿದ್ರು ಅವ್ರಿಗೆ? ಅದನ್ನ ಓದು ನೋಡನ.”

ನಾನು ಹಾರಿಸಿದ್ದ ಪುಟಗಳನ್ನೇ ಗಟ್ಟಿಯಾಗಿ ಓದಿದೆ. ಅಜ್ಜಿ ಒಮ್ಮೆಯೂ ಆಕಳಿಸಲಿಲ್ಲ. ಅವರಕ್ಕ ಹದಿಮೂರಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗು ಹೊದ್ದು ಅದೇ ಮನೆಯ ಹಿತ್ತಲ ಕೋಣೆಯಲ್ಲಿ ಮುದುಕಿಯಾದವರು. ಓದಿ ಮುಗಿಸಿದಾಗ ಅಜ್ಜಿ, “ಇದನ್ನ ನಮ್ಮಪ್ಪಯ್ಯಂಗೆ ಯಾರಾದ್ರೂ ಓದಿ ಹೇಳ್ಬೇಕಿತ್ತು” ಎಂದಷ್ಟೇ ಅಂದು ಮತ್ತೊಂದು ಅಡಿಕೆ ಎತ್ತಿಕೊಂಡರು.

ವಿಧವೆಯರ ಮರುಮದುವೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಅದಾಗಿ 43 ವರ್ಷಕ್ಕೆ ಈ ಕಾದಂಬರಿ ಬಂತು. ಕಾನೂನು ಇತ್ತು, ಜಗುಲಿಯ ಮೇಲೆ ಕೂತ ಅಪ್ಪಂದಿರನ್ನು ಒಪ್ಪಿಸುವ ಮಾತು ಬೇಕಾಗಿತ್ತು. ಆ ಉಪದೇಶ ನನಗೆಂದು ಬರೆದದ್ದಲ್ಲ ಎಂಬುದು ಅರ್ಥವಾಯಿತು. ಹಾಗೆಂದು ಉಪದೇಶ ರುಚಿಸಿತೇ? ಇಲ್ಲ. ಮೂರನೇ ಸಲ ಓದಿದಾಗಲೂ ‘ಬೇ’ಗಳು ಇದ್ದಲ್ಲೇ ಇದ್ದವು. ನಾನು ಕಲಿತದ್ದಿಷ್ಟೇ: ಬೇಜಾರಾಯಿತು ಎನ್ನುವಲ್ಲಿಗೆ ಓದು ಮುಗಿಯುವುದಿಲ್ಲ. ಎಲ್ಲಿ, ಯಾಕೆ, ಯಾರಿಗೆ ಎಂದು ಕೇಳಿಕೊಂಡರೆ ಅಲ್ಲಿಂದ ಶುರುವಾಗುತ್ತದೆ.

ಎರಡನೇ ಪ್ರಬಂಧದಲ್ಲಿ ಮೈಲಿಗಲ್ಲೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಪುಟಸಂಖ್ಯೆಗಳಿದ್ದವು, ಅಜ್ಜಿ ಇದ್ದರು. ಮೇಷ್ಟ್ರು ಹತ್ತಕ್ಕೆ ಏಳು ಕೊಟ್ಟು, “ಒಪ್ಪುವುದಿಲ್ಲ. ಆದರೆ ಓದಿದ್ದೀಯ” ಎಂದು ಬರೆದರು.

ಈಗ ನಾನೇ ಹೈಸ್ಕೂಲು ಮೇಷ್ಟ್ರು. ಟಿಫಿನ್ ಡಬ್ಬಿ, ಚೀಟಿ ಎರಡೂ ನನ್ನ ಮೇಜಿನ ಮೇಲೂ ಇವೆ. ಹೋದ ವರ್ಷ ಹುಡುಗಿಯೊಬ್ಬಳು ಪುಸ್ತಕ ವಾಪಸು ತಂದು ಮುಖ ಸಿಂಡರಿಸಿ ನಿಂತಳು. “ಸಾರ್, ಸಿಕ್ಕಾಪಟ್ಟೆ ಬೋರು.” ಯಾವುದೆಂದು ನೋಡಿದೆ: ‘ಕರ್ವಾಲೊ’. ನಾನು ದೋಸೆ ಕೊಟ್ಟಾದರೂ ಪಡೆಯಬೇಕೆಂದಿದ್ದ ಪುಸ್ತಕ! ಬೈಗುಳ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಕೈಗಿಟ್ಟೆ.

“ಎಷ್ಟನೇ ಪುಟದಲ್ಲಿ?”